ಹತ್ತು ಸಾವಿರ ಹೆಜ್ಜೆಯ ಹಂಗು

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯದವರಿಗೆ ಮನೋಬಲ ಸಾಲದು ಎಂದು ಈಚೆಗೆ ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. ಆ ಸಂಖ್ಯೆ ಮನೆಮಾತಾದದ್ದು ವೈದ್ಯಕೀಯ ಮಾರ್ಗಸೂಚಿಯಿಂದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರು ‘ಮಾನ್‌ಪೊಕೆಯ್’. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದೇ ಅದರ ಅರ್ಥ. ವ್ಯಾಪಾರದ ಹೆಸರೇ ವೇದವಾಕ್ಯವಾಯಿತು!

ನನ್ನ ತಾಯಿಗೆ 74 ವರ್ಷ, ಮಂಡಿನೋವು. ತಮ್ಮ ಕೊಡಿಸಿದ ಸ್ಮಾರ್ಟ್ ವಾಚ್ ಪ್ರತಿ ಸಂಜೆ ಬಾಕಿ ಹೆಜ್ಜೆಗಳ ಲೆಕ್ಕ ತೋರಿಸಿ ಅವರನ್ನು ಕುಗ್ಗಿಸುತ್ತಿತ್ತು. ಒಂದು ದಿನ ಅದನ್ನು ಬಿಚ್ಚಿ ಬೀರುವಿಗೆ ಹಾಕಿದರು. ಈಗ ಪಕ್ಕದ ಬೀದಿಯ ಗೆಳತಿ ಬೆಳಗ್ಗೆ ಗೇಟಿನ ಬಳಿ ನಿಂತು ಕೂಗುತ್ತಾರೆ. ಪೂಜೆಗೆ ಹೂ ತರುವುದು ನೆಪ. ಅರ್ಧ ಗಂಟೆಯ ಸುತ್ತಾಟದಲ್ಲಿ ಮುಕ್ಕಾಲು ಪಾಲು ಸೊಸೆಯಂದಿರ ಸುದ್ದಿ (ನನ್ನ ಹೆಂಡತಿಯದೂ ಇರಬೇಕು). ಜಿಟಿಜಿಟಿ ಮಳೆಯಲ್ಲೂ ಕೊಡೆ ಹಿಡಿದು ಹೊರಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೆಜ್ಜೆ ಎಣಿಸುವುದಿಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಎನ್ನುತ್ತದೆ; ಅಂಗವಿಕಲರಿಗೂ ಅದರಲ್ಲಿ ಸಲಹೆಗಳಿವೆ. ಆದರೆ ನಮ್ಮ ಬಡಾವಣೆಯ ಉದ್ಯಾನದ ಬಾಗಿಲಲ್ಲಿ ಸ್ಕೂಟರ್ ತಡೆಯಲು ನೆಟ್ಟ ಕಬ್ಬಿಣದ ಕಂಬಗಳ ನಡುವೆ ಗಾಲಿಕುರ್ಚಿ ತೂರುವುದಿಲ್ಲ. ಹಿಂದಿನ ರಸ್ತೆಯ ಹುಡುಗನೊಬ್ಬ ದಿನವೂ ಹೊರಗಿನಿಂದಲೇ ಆಟ ನೋಡಿ ಹಿಂದಿರುಗುತ್ತಾನೆ. ಅವನಿಗೆ ಮನೋಬಲ ಸಾಲದು ಎನ್ನುತ್ತೀರಾ?