ಮಿಸ್ಸಿಂಗ್ ಹೊಡೆದರೆ ಮೈಸೂರಿನ ದಾರಿ, ನೀರು ಸೋರಿದರೆ ಇಲ್ಲಿನ ದಾರಿ

ನಮ್ಮ ಕಡೆ ಮಾಜ್ದಾ ಅಂದರೆ ಸ್ವರಾಜ್ ಮಾಜ್ದಾ. ಮದುವೆ ದಿಬ್ಬಣಕ್ಕೋ, ಸ್ಕೂಲ್ ಮಕ್ಕಳನ್ನು ತುಂಬಿಕೊಂಡು ಹೋಗುವುದಕ್ಕೋ ಇದ್ದ ವ್ಯಾನು. ಅದಕ್ಕೇ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಒಂದು ಹಳೇ ಮಾಜ್ದಾ ತಗೊಂಡೆ ಅಂತ ಮೈಸೂರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದು, "ಇರೋ ಇಬ್ಬರಿಗೆ ಅಷ್ಟು ದೊಡ್ಡ ಗಾಡಿ ಯಾಕೋ?"

ನಾನು ತಗೊಂಡಿದ್ದು ಮಾಜ್ದಾ ಕಂಪನಿಯ ಮಿಯಾಟಾ ಅನ್ನುವ ಪುಟ್ಟ ಕಾರು. ಎರಡೇ ಸೀಟು, ತೆಗೆದು ಮಡಚಬಹುದಾದ ಬಟ್ಟೆಯ ಟಾಪು, ಮೇಲೇಳುವ ಕಣ್ಣಿನಂಥ ಹೆಡ್‌ಲೈಟು. 1989ರ ಶಿಕಾಗೋ ಆಟೋ ಶೋನಲ್ಲಿ ಮೊದಲು ತೋರಿಸಿದರಲ್ಲ, ಆ ಮೊದಲ ತಲೆಮಾರಿನದು. ನನ್ನದು 1994ರ ಮಾಡೆಲ್, 1.8 ಲೀಟರ್ ಇಂಜಿನ್, 128 ಅಶ್ವಶಕ್ತಿ. ಈ ಹೆಸರಿನ ಕಾರು 2016ಕ್ಕೆ ಹತ್ತು ಲಕ್ಷ ದಾಟಿತು. ಅಷ್ಟೊಂದು ಇರುವುದರಿಂದಲೇ ಮೂವತ್ತು ವರ್ಷದ ಗಾಡಿಗೂ ಇವತ್ತು ಬಿಡಿಭಾಗ ಸುಲಭವಾಗಿ ಸಿಗುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ.

ಇಲ್ಲಿ ಏನಾದರೂ ಕೆಟ್ಟರೆ ಮೊದಲು ಬರುವ ಸಲಹೆ, ಬದಲಾಯಿಸಿ ಬಿಡು. ಊರಲ್ಲಿ ಮೊದಲು ಬರುವ ಮಾತು, ಬಿಚ್ಚಿ ನೋಡೋಣ. ಇದನ್ನು ಎಷ್ಟೋ ಜನ ಸಂಸ್ಕೃತಿ ಅನ್ನುತ್ತಾರೆ. ಅಮೆರಿಕದವರು ಎಸೆಯುವವರು, ನಾವು ಉಳಿಸುವವರು ಅಂತೆಲ್ಲ. ನನಗೇನೋ ಅದು ಬರೀ ಕೂಲಿ ಲೆಕ್ಕ ಅನಿಸುತ್ತದೆ. ನಮ್ಮ ಮನೆ ಹತ್ತಿರದ ಗ್ಯಾರೇಜಿನಲ್ಲಿ ಗಂಟೆಗೆ 180 ಡಾಲರ್ ಕೂಲಿ. ಎರಡು ಗಂಟೆ ಕೂತು ತಪ್ಪು ಹುಡುಕುವುದಕ್ಕಿಂತ ಅನುಮಾನ ಬಂದ ಸಾಮಾನನ್ನೇ ಬದಲಾಯಿಸುವುದು ಅಗ್ಗ. ಮೈಸೂರಿನಲ್ಲಿ ಉಲ್ಟಾ. ಹೊಸ ಸಾಮಾನು ದುಬಾರಿ, ಮೇಸ್ತ್ರಿಯ ಸಮಯ ಅಗ್ಗ. ಹಾಗಾಗಿ ಅವರು ಹುಡುಕುತ್ತಾರೆ, ಉಜ್ಜುತ್ತಾರೆ, ಬೆಸುಗೆ ಹಾಕುತ್ತಾರೆ.

ನನಗೆ ಎರಡೂ ದಾರಿ ಗೊತ್ತಿತ್ತು. ಆದರೂ ಒಂದು ಬೇಕಾದಲ್ಲಿ ಇನ್ನೊಂದನ್ನು ಹಿಡಿದೆ. ಎರಡು ಸಲ.

ಮೊದಲನೆಯದು ಇಗ್ನಿಷನ್, ಅಂದರೆ ಇಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ವ್ಯವಸ್ಥೆ. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಆಮೇಲಿನ ಮಾಡೆಲ್ಲಿನ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಇದೆ. ಊರಿನ ಹಾಗೆ ಪೆಟ್ರೋಲ್ ಬಂಕ್ ಪಕ್ಕದ ಓಮ್ನಿಯಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಕೆಲಸ ಅಲ್ಲ. 2000ಕ್ಕಿಂತ ಹಿಂದಿನ ಗಾಡಿಯಾದರೆ ನಮ್ಮ ಕಡೆ ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಒಂದು ಸಲ 24 ಕಿ.ಮೀ. ವೇಗದಲ್ಲಿ, ಇನ್ನೊಂದು ಸಲ 40ರಲ್ಲಿ. ಸೈಲೆನ್ಸರಿಗೆ ನಳಿಗೆ ತೂರಿಸಿ ಏನು ಬರುತ್ತಿದೆ ಅಂತ ಅಳೆಯುತ್ತಾರೆ. ನನ್ನ ಗಾಡಿ ಫೇಲಾಯಿತು. ಸುಡದ ಪೆಟ್ರೋಲ್ ಜಾಸ್ತಿ ಬರುತ್ತಿತ್ತು. ಅದರ ಸುಳಿವು ಮೊದಲೇ ಸಿಕ್ಕಿತ್ತು. ತೇವದ ಬೆಳಗ್ಗೆ ಸಾಂತಾ ಕ್ರೂಜ್ ಕಡೆಯ ಘಾಟಿ ಹತ್ತುವಾಗ ಪಿಕಪ್ ಸಾಯುತ್ತಿತ್ತು, ಗಾಡಿ ಕೆಮ್ಮುತ್ತಿತ್ತು. ಊರಿನ ಗ್ಯಾರೇಜಿನಲ್ಲಿ ಇದಕ್ಕೇ ಮಿಸ್ಸಿಂಗ್ ಅನ್ನುವುದು.

ನಾನು ಏನು ಮಾಡಿದೆ? ಪ್ಲಗ್ಗುಗಳಿಗೆ ಕಿಡಿಯ ಕರೆಂಟು ಕೊಡುವ ಕಾಯಿಲ್ ತರಿಸಿದೆ. 160 ಡಾಲರ್. ಈ ಇಂಜಿನ್ನಿನಲ್ಲಿ ಕಾಯಿಲ್ ಹಿಂದುಗಡೆ, ಡ್ಯಾಶಿನ ಗೋಡೆಗೆ ಒತ್ತಿಕೊಂಡು ಕೂತಿದೆ. ಕಣ್ಣಿಗೆ ಕಾಣುವುದಿಲ್ಲ, ಕೈ ಅರ್ಧ ಹೋಗುತ್ತದೆ. ಗೆಣ್ಣು ತರಚಿಕೊಂಡು ಒಂದು ಇಡೀ ಭಾನುವಾರ ಹಾಕಿದೆ. ಚಾಲೂ ಮಾಡಿದರೆ ಅದೇ ಕೆಮ್ಮು.

ಸಂಜೆ ಮೈಸೂರಿನ ಮೇಸ್ತ್ರಿ ಭಾಯಿಗೆ ಫೋನ್ ಮಾಡಿದೆ. ಅಪ್ಪನ ಪ್ರೀಮಿಯರ್ ಪದ್ಮಿನಿಯನ್ನು ಇಪ್ಪತ್ತು ವರ್ಷ ಓಡುವ ಸ್ಥಿತಿಯಲ್ಲಿ ಇಟ್ಟವರು ಅವರು. ಈಗ ಎಪ್ಪತ್ತು ದಾಟಿದೆ, ಮಗನ ಗ್ಯಾರೇಜಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ.

"ಭಾಯಿ, ಗಾಡಿ ಮಿಸ್ಸಿಂಗ್ ಹೊಡೀತಿದೆ. ಕಾಯಿಲ್ ಹೊಸದು ಹಾಕ್ದೆ, ಹೋಗ್ಲಿಲ್ಲ."

"ಎಷ್ಟು ಸಿಲಿಂಡರ್ ಸತ್ತಿದೆ?"

"ಗೊತ್ತಿಲ್ಲ."

"ಗೊತ್ತಿಲ್ದೆ ಕಾಯಿಲ್ ಯಾಕಪ್ಪಾ ಹಾಕ್ದೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮಿಯಾಟಾ ನೋಡಿಯೇ ಇಲ್ಲ. ಡಿಸ್ಟ್ರಿಬ್ಯೂಟರ್, ಪಾಯಿಂಟು, ಕಂಡೆನ್ಸರ್ ಇದ್ದ ಹಳೇ ಇಗ್ನಿಷನ್ ಕಾಲದವರು. ಆದರೆ ಪ್ರಶ್ನೆ ಸರಿಯಾಗಿತ್ತು. ಈ ಕಾರಿನಲ್ಲಿ ಎರಡು ಕಾಯಿಲ್ ಒಂದೇ ಪೊಟ್ಟಣದಲ್ಲಿ ಇರುತ್ತವೆ. ಒಂದು 1 ಮತ್ತು 4ನೇ ಸಿಲಿಂಡರಿಗೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯ ಎರಡೂ ಪ್ಲಗ್ಗು ಒಟ್ಟಿಗೇ ಕಿಡಿ ಹೊಡೆಯುತ್ತವೆ. ಒಂದು ಕಡೆ ಪೆಟ್ರೋಲ್ ಸುಡುತ್ತದೆ, ಇನ್ನೊಂದು ಕಡೆ ಹೊಗೆ ಆಚೆ ಹೋಗುತ್ತಿರುವಾಗ ಕಿಡಿ ಸುಮ್ನೆ ವ್ಯರ್ಥ. ಅಂದರೆ ಕಾಯಿಲ್ ಸತ್ತರೆ ಸಾಮಾನ್ಯವಾಗಿ ಎರಡು ಸಿಲಿಂಡರ್ ಒಟ್ಟಿಗೆ ಸಾಯಬೇಕು. ಒಂದೇ ಸತ್ತಿದ್ದರೆ ಮೊದಲ ಅನುಮಾನ ವೈರು ಅಥವಾ ಪ್ಲಗ್ಗಿನ ಮೇಲೆ.

ಪದ್ಮಿನಿಯಲ್ಲಿ ಭಾಯಿ ಇಂಜಿನ್ ಓಡುತ್ತಿರುವಾಗಲೇ ಒಂದೊಂದಾಗಿ ಪ್ಲಗ್ ವೈರು ಎಳೆಯುತ್ತಿದ್ದರು. ತೆಗೆದರೂ ಸದ್ದು ಬದಲಾಗದಿದ್ದರೆ ಅದೇ ಸತ್ತ ಸಿಲಿಂಡರ್. ಇಲ್ಲಿ ಅದನ್ನು ಮಾಡಬಾರದು. ಕೈಗೂ ಹೊಡೆಯುತ್ತದೆ, ಎಲೆಕ್ಟ್ರಾನಿಕ್ಸಿಗೂ ಏಟು ಬೀಳಬಹುದು. ಬದಲಿಗೆ ಪ್ರತಿ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಕ್ಲಿಪ್ ಒಂದೊಂದಾಗಿ ಬಿಚ್ಚಿದೆ. ಒಂದನೆಯದು ತೆಗೆದಾಗ ಇಂಜಿನ್ ನಡುಗಿತು. ಎರಡನೆಯದಕ್ಕೂ ನಡುಗಿತು. ಮೂರನೆಯದಕ್ಕೆ ಏನೂ ಆಗಲಿಲ್ಲ. ನಾಲ್ಕಕ್ಕೆ ಮತ್ತೆ ನಡುಗಿತು. ಒಂದೇ ಕಾಯಿಲ್ ಹಂಚಿಕೊಂಡ ಎರಡನೆಯದು ಚೆನ್ನಾಗಿ ಓಡುತ್ತಿದೆ, ಮೂರನೆಯದು ಸತ್ತಿದೆ. ಮೊದಲೇ ಹೀಗೆ ನೋಡಿದ್ದರೆ ಹಳೇ ಕಾಯಿಲನ್ನು ಮುಟ್ಟುತ್ತಲೇ ಇರಲಿಲ್ಲ.

"ರಾತ್ರಿ ಲೈಟ್ ಆಫ್ ಮಾಡಿ ವೈರ್ ಮೇಲೆ ಸ್ವಲ್ಪ ನೀರು ಚಿಮುಕ್ಸಿ ನೋಡು," ಅಂದರು ಭಾಯಿ. "ಕೈ ದೂರ ಇಟ್ಕೊಂಡು."

ಇಸ್ತ್ರಿ ಮಾಡುವಾಗ ಹೊಡೆಯುವ ನೀರಿನ ಬಾಟಲಿ ತಂದೆ. ಗ್ಯಾರೇಜಿನ ಬಾಗಿಲು ಅರ್ಧ ತೆರೆದು, ದೀಪ ಆರಿಸಿ, ಬಾನೆಟ್ ಎತ್ತಿ, ದೂರದಿಂದ ಎರಡು ಸಲ ಪುಸ್ ಪುಸ್ ಅನ್ನಿಸಿದೆ. ಮೂರನೇ ವೈರು ವಾಲ್ವ್ ಕವರಿಗೆ, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳಕ್ಕೆ, ತಾಗಿಕೊಂಡಿದ್ದ ಕಡೆ ಸಣ್ಣ ನೀಲಿ ಕಿಡಿ. ಟಿಕ್, ಟಿಕ್, ಟಿಕ್. ಪ್ಲಗ್ಗಿಗೆ ಹೋಗಬೇಕಾದದ್ದು ದಾರಿಯಲ್ಲೇ ಹಾರಿ ಹೋಗುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಒಂದು ನಿಮಿಷ ನೋಡಿ, "ಚೆನ್ನಾಗಿದೆ, ದೀಪಾವಳಿ ಥರ. ಊಟಕ್ಕೆ ಬಾ," ಅಂದಳು.

ವೈರಿನ ಸೆಟ್ಟು 45 ಡಾಲರ್. ನಾಲ್ಕು ಪ್ಲಗ್ಗಿಗೆ 16. ಎನ್‌ಜಿಕೆ ಬಿಕೆಆರ್5ಇ-11. ಕೊನೆಯ 11 ಅಂದರೆ 1.1 ಮಿ.ಮೀ. ಸಂದು. ಹಳೇ ಪ್ಲಗ್ಗುಗಳನ್ನು ಸಾಲಾಗಿ ಇಟ್ಟರೆ ಉಳಿದ ಮೂರೂ ಬಿಸ್ಕತ್ತಿನ ಬಣ್ಣ, ಮೂರನೇ ಸಿಲಿಂಡರಿನದ್ದು ಕಾಡಿಗೆ. ಆ ಪ್ಲಗ್ಗು ಕೂರುವ ಗುಂಡಿಯಲ್ಲಿ ಸ್ವಲ್ಪ ಎಣ್ಣೆಯೂ ನಿಂತಿತ್ತು. ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರಿ ಎಣ್ಣೆ ಅಲ್ಲಿಗೆ ಇಳಿದು ವೈರಿನ ರಬ್ಬರ್ ಟೋಪಿಯನ್ನೂ ತಿಂದಿತ್ತು. ಗ್ಯಾಸ್ಕೆಟ್ ಹಾಕದೆ ಬರೀ ವೈರು ಬದಲಾಯಿಸಿದ್ದರೆ ಇನ್ನೆರಡು ವರ್ಷಕ್ಕೆ ಅದೇ ಕಥೆ. ಹೊಗೆ ತಪಾಸಣೆ ಮುಂದಿನ ವಾರ ಪಾಸಾಯಿತು.

ಇಗ್ನಿಷನ್ನಿನ ಗುಣ ಇದು, ಮೊದಲೇ ದೂರು ಹೇಳುತ್ತದೆ. ಕೆಮ್ಮುತ್ತದೆ, ಎಡವುತ್ತದೆ, ತೇವಕ್ಕೆ ಮುನಿಸಿಕೊಳ್ಳುತ್ತದೆ. ಕೇಳುವ ಕಿವಿ ಇದ್ದರೆ ಅದೇ ದಾರಿ ತೋರಿಸುತ್ತದೆ. ಇಲ್ಲಿ ಭಾಯಿಯ ದಾರಿಯೇ ಸರಿ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ಆ ಗೆಲುವು ನನ್ನ ತಲೆಗೆ ಏರಿತು. ಮುಂದಿನ ಬೇಸಿಗೆಯಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಪೈಪು ಜಿನುಗಲು ಶುರುವಾಯಿತು. ಮೈಸೂರಿನ ಹುಡುಗ ನಾನು, ಹೋದದ್ದನ್ನು ಮಾತ್ರ ಹಾಕಬೇಕು ತಾನೇ? ಪೈಪು ಹಾಕಿ ಕೈ ತೊಳೆದುಕೊಂಡೆ. ರೇಡಿಯೇಟರಿನ ಮೇಲಿನ ಟ್ಯಾಂಕು ಕಣ್ಣೆದುರೇ ಇತ್ತು. ಹೊಸದಾಗಿದ್ದಾಗ ಕಪ್ಪಗಿದ್ದ ಪ್ಲಾಸ್ಟಿಕ್ಕು ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮಿಯಾಟಾ ಇಟ್ಟುಕೊಂಡವರೆಲ್ಲ ಹೇಳುವುದೊಂದೇ, ಆ ಬಣ್ಣ ಬಂದರೆ ಪ್ಲಾಸ್ಟಿಕ್ಕು ಹಪ್ಪಳ ಆಗಿದೆ ಅಂತ. ಸೋರಿಲ್ಲವಲ್ಲ ಅಂತ ಬಿಟ್ಟೆ.

ಮೂರು ವಾರ ಕಳೆದು ಒಂದು ಶನಿವಾರ. ಸಾಂತಾ ಕ್ರೂಜ್ ಕಡೆಯ ಹೆದ್ದಾರಿ 17, ಸಮುದ್ರಕ್ಕೆ ಹೋಗುವವರೆಲ್ಲ ರಸ್ತೆಯಲ್ಲಿ. ಸುಮಾರು 1,800 ಅಡಿ ಎತ್ತರದವರೆಗೆ ಏರುವ ಘಾಟಿ, ಇರುವೆ ಸಾಲಿನ ಹಾಗೆ ಕಾರುಗಳು. ಠಪ್ ಅಂತ ಸದ್ದು. ಮುಂದಿನ ಗಾಜಿಗೆ ಹಸಿರು ನೀರಿನ ಆವಿ. ತಾಪದ ಮುಳ್ಳು ಏರಿತು, ಆಮೇಲೆ ಕೆಳಗೆ ಇಳಿಯಿತು. ಇಳಿಯಿತಲ್ಲ ಅಂತ ಖುಷಿಪಡುವಂತಿಲ್ಲ. ಅಳೆಯುವ ಸೆನ್ಸರಿನ ಸುತ್ತ ನೀರೇ ಉಳಿಯದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ತಕ್ಷಣ ಇಂಜಿನ್ ಆಫ್ ಮಾಡಿ ಪಕ್ಕಕ್ಕೆ ಉರುಳಿಸಿದೆ. ಸಿಲಿಂಡರುಗಳ ಮೇಲೆ ಕೂರುವ ಇಂಜಿನ್ ಹೆಡ್ ಬಿಸಿಗೆ ಸೊಟ್ಟಗಾಗದೆ ಉಳಿದದ್ದು ಅದೃಷ್ಟ.

ಟೋ ಗಾಡಿಗೆ ಕಾಯುತ್ತಾ ಚಾರ್ಮಾಡಿ ನೆನಪಾಯಿತು. ಅಲ್ಲಿ ಪದ್ಮಿನಿ ಬಾಯ್ಲ್ ಆಗುವುದು ನಮ್ಮ ಪ್ರವಾಸದ ಭಾಗವೇ ಆಗಿತ್ತು. ಅಪ್ಪ ನಿಲ್ಲಿಸಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಕ್ಯಾನ್ ಹಿಡಿದು ಝರಿಗೆ ಹೋಗುತ್ತಿದ್ದರು. ನಾವು ಚಕ್ಕುಲಿ ತಿನ್ನುತ್ತಾ ಕಾಯುತ್ತಿದ್ದೆವು. ಆರಿದ ಮೇಲೆ ನೀರು ತುಂಬಿ ಮುಂದಕ್ಕೆ. ಮೈಸೂರಿಗೆ ಬಂದ ಮೇಲೆ ಭಾಯಿ ರೇಡಿಯೇಟರ್ ಬಿಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಬರುತ್ತದೋ ಅಲ್ಲಿ ಬೆಸುಗೆ ಹಾಕುತ್ತಿದ್ದರು. ಅದು ತಾಮ್ರ ಹಿತ್ತಾಳೆಯದು. ಎಷ್ಟು ಸಲ ಬೇಕಾದರೂ ಬೆಸುಗೆ ಹಿಡಿಯುತ್ತಿತ್ತು.

ಈ ರೇಡಿಯೇಟರಿಗೆ ನಡುವೆ ಅಲ್ಯೂಮಿನಿಯಂ, ಮೇಲೆ ಕೆಳಗೆ ಪ್ಲಾಸ್ಟಿಕ್ಕು, ಮಧ್ಯೆ ಒಂದು ರಬ್ಬರ್ ಪಟ್ಟಿ. ಬೆಸುಗೆ ಎಲ್ಲಿಗೆ ಹಾಕುತ್ತೀರಿ? ಅದೂ ಅಲ್ಲದೆ ಮುಚ್ಚಳ ಸುಮಾರು 0.9 ಬಾರ್ ಒತ್ತಡ ಹಿಡಿದಿಡುತ್ತದೆ. ಹಾಗಾಗಿ ಬರೀ ನೀರಾದರೂ 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆ ಒತ್ತಡ ದಿನವೂ ಎಲ್ಲ ಪೈಪಿನ ಮೇಲೂ ಬೀಳುತ್ತದೆ. ಒಂದು ಪೈಪು ಹೊಸದಾದರೆ ಮುಂದಿನ ದುರ್ಬಲ ಜಾಗ ಒಡೆಯುತ್ತದೆ. ನನಗೆ ಆದದ್ದು ಅದೇ. ಇಗ್ನಿಷನ್ನಿನ ಹಾಗೆ ಇದು ವಾರಗಟ್ಟಲೆ ಕೆಮ್ಮಿ ಎಚ್ಚರಿಸುವುದಿಲ್ಲ. ಶುಕ್ರವಾರ ಸರಿ ಇರುತ್ತದೆ, ಶನಿವಾರ ಒಡೆದಿರುತ್ತದೆ. ದಂಡ 200 ಡಾಲರಿನ ರೇಡಿಯೇಟರಿಗೆ ನಿಲ್ಲುವುದಿಲ್ಲ, ಹೆಡ್ಡಿಗೆ ಬೀಳುತ್ತದೆ.

ಹಾಗಾಗಿ ಈ ಸಲ ಇಲ್ಲಿನವರ ಹಾಗೆ ಮಾಡಿದೆ. ರೇಡಿಯೇಟರ್, ಮುಚ್ಚಳ, ಹೋಸ್ ಪೈಪು, ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ಹೋಗುವ ನೀರನ್ನು ತಡೆದಿಡುವ ಥರ್ಮೋಸ್ಟಾಟ್, ಎಲ್ಲಾ ಒಟ್ಟಿಗೆ. ಇಂಜಿನ್ನಿನ ಹಿಂದೆ ಹೀಟರಿಗೆ ಹೋಗುವ ಎರಡು ಸಣ್ಣ ಪೈಪುಗಳಿವೆ. ಯಾರೂ ಅವನ್ನು ನೋಡುವುದಿಲ್ಲ, ಒಡೆದಾಗ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಅವನ್ನೂ ಹಾಕಿದೆ. ವಾಟರ್ ಪಂಪು ತೆಗೆಯಲು ಟೈಮಿಂಗ್ ಬೆಲ್ಟ್ ಬಿಚ್ಚಲೇಬೇಕು, ಹಾಗಾಗಿ ಬೆಲ್ಟೂ ಹೊಸದು. ಸಾಮಾನಿಗೆ 480 ಡಾಲರ್, ನನ್ನದೇ ಎರಡು ಶನಿವಾರ. ಗ್ಯಾರೇಜಿನವರು ಕೇಳಿದ್ದು 1,900.

ಥರ್ಮೋಸ್ಟಾಟ್ ಬಗ್ಗೆ ಭಾಯಿ ಜೊತೆ ಜಗಳವೇ ಆಯಿತು. "ತೆಗ್ದು ಬಿಸಾಕು, ಗಾಡಿ ತಣ್ಣಗಿರುತ್ತೆ," ಅಂದರು. ಊರಿನ ಎಷ್ಟೋ ಗ್ಯಾರೇಜಿನಲ್ಲಿ ಇದೇ ನಂಬಿಕೆ, ಅದು ಚಳಿ ದೇಶದ ಸಾಮಾನು ಅಂತ. ಇಲ್ಲಿ ಮಾತ್ರ ನಾನು ಅವರ ಮಾತು ಕೇಳಲಿಲ್ಲ. ಅದಿಲ್ಲದಿದ್ದರೆ ಇಂಜಿನ್ ಬಿಸಿಯಾಗಲು ತುಂಬಾ ಹೊತ್ತು ಬೇಕು. ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಹೊಗೆ ತಪಾಸಣೆಯಲ್ಲಿ ಮತ್ತೆ ಫೇಲು. ಹೊಸದನ್ನು ಅದರ ಪುಟ್ಟ ಅಲುಗಾಡುವ ಪಿನ್ನು ಮೇಲೆ ಬರುವ ಹಾಗೆ ಕೂರಿಸಿದೆ, ಸಿಕ್ಕಿಕೊಂಡ ಗಾಳಿ ಅಲ್ಲಿಂದ ಆಚೆ ಹೋಗಲಿ ಅಂತ.

ನೀರಿನ ವಿಷಯದಲ್ಲೂ ಅಷ್ಟೇ. ನಾವು ಬೋರ್‌ವೆಲ್ ನೀರು ತುಂಬಿದವರು. ಬಚ್ಚಲ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ನಾಳದೊಳಗೂ ಅದೇ ಕಟ್ಟುತ್ತದೆ. ನೀರಿಗೆ ಬೆರೆಸುವ ಹಸಿರು ಕೂಲೆಂಟ್ ಬರೀ ಹಿಮ ಬೀಳುವ ಊರಿಗೆ ಅಲ್ಲ, ಅಲ್ಯೂಮಿನಿಯಂ ಹೆಡ್ ತುಕ್ಕು ತಿನ್ನದಿರಲಿಕ್ಕೂ ಬೇಕು. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು, ಒಟ್ಟು ಆರು ಲೀಟರ್. ಮುಂದಿನ ಚಕ್ರ ಎತ್ತಿ, ಹೀಟರ್ ಫುಲ್ ಇಟ್ಟು, ಮೇಲಿನ ಪೈಪನ್ನು ಹಿಂಡುತ್ತಾ ಇದ್ದರೆ ಗುಳಗುಳ ಅಂತ ಗಾಳಿ ಬರುತ್ತದೆ. ಗುಳ್ಳೆ ನಿಲ್ಲುವವರೆಗೂ ಕಾಯಬೇಕು. ಹಳೆಯದನ್ನು ಚರಂಡಿಗೆ ಸುರಿಯುವಂತಿಲ್ಲ. ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಕ್ಯಾನಿನಲ್ಲಿ ತುಂಬಿ ವಿಷದ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಟ್ಟು ಬಂದೆ. ಊರಲ್ಲಿ ಗ್ಯಾರೇಜಿನ ಮುಂದಿನ ಮೋರಿಯಲ್ಲಿ ಹರಿಯುತ್ತಿದ್ದ ಹಸಿರು ನೀರು ನೆನೆದರೆ ಈಗಲೂ ಕಸಿವಿಸಿ.

ಕೆಲಸ ಮುಗಿದ ಮೇಲೆ ವೀಡಿಯೋ ಕಾಲ್ ಮಾಡಿ ಭಾಯಿಗೆ ಬಾನೆಟ್ ಒಳಗೆ ತೋರಿಸಿದೆ. ಫಳಫಳ ಹೊಳೆಯುವ ರೇಡಿಯೇಟರ್, ನೀಲಿ ವೈರು. ಅವರು ಅದನ್ನೆಲ್ಲ ಅಷ್ಟು ನೋಡಲಿಲ್ಲ. ಹಿಂದೆ ಶೆಲ್ಫಿನ ಮೇಲಿದ್ದ ಡಬ್ಬಿಯ ಮೇಲೆ ಅವರ ಕಣ್ಣು.

"ಅದೇನಪ್ಪಾ ಅದು, ಹಳೇ ಕಾಯಿಲ್ಲಾ?"

"ಹೂಂ ಭಾಯಿ."

"ಚೆನ್ನಾಗಿದ್ದದ್ದು ತಾನೇ ಅದು? ಬರೋವಾಗ ತಗೊಂಡ್ ಬಾ. ಯಾವ್ದಾದ್ರೂ ಗಾಡಿಗೆ ಆಗತ್ತೆ."