ಒಬ್ರು ಲೇಡಿ ಇದ್ರೆ ಹೇಳಿ ಸರ್

ವಾಟ್ಸಾಪ್‌ನಲ್ಲಿ ಮತ್ತೆ ಅದೇ ಮೆಸೇಜು. "ಸರ್, ಶನಿವಾರ ಓಪನ್ ಸೋರ್ಸ್ ಮೀಟಪ್ ಇದೆ. ಪ್ಯಾನೆಲ್‌ಗೆ ಒಬ್ರು ಲೇಡಿ ಬೇಕಿತ್ತು. ಯಾರಾದ್ರೂ ಇದ್ರೆ ಹೇಳಿ ಸರ್. ಪೋಸ್ಟರ್ ಇವತ್ತೇ ಹೋಗ್ಬೇಕು." ಯಾವ ವಿಷಯದ ಮೇಲೆ ಮಾತಾಡಬೇಕಪ್ಪಾ ಅಂತ ಕೇಳಿದೆ. "ಏನಾದ್ರೂ ಪರ್ವಾಗಿಲ್ಲ ಸರ್. ವುಮೆನ್ ಇನ್ ಟೆಕ್ ಅಂತ ಹಾಕಿರ್ತೀವಿ."

ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಬಳಸಬಹುದಾದ ಸಾಫ್ಟ್‌ವೇರ್. ಅಲ್ಲಿ ಕರ್ನಲ್ ಬಗ್ಗೆ ಮಾತಾಡುವವರಿಗೆ ಕರ್ನಲ್ ಗೊತ್ತಿರಬೇಕು. ಡೇಟಾಬೇಸ್ ಬಗ್ಗೆ ಮಾತಾಡುವವರಿಗೆ ಡೇಟಾಬೇಸ್ ಗೊತ್ತಿರಬೇಕು. ಈ ಒಂದು ಕುರ್ಚಿಗೆ ಮಾತ್ರ ಹೆಣ್ಣಾಗಿದ್ದರೆ ಸಾಕು. ವರ್ಷಾನುಗಟ್ಟಲೆ ಕಂಪೈಲರ್ ಜೊತೆ ಗುದ್ದಾಡಿದ ಹೆಂಗಸನ್ನು ಕರೆದು ಕೂರಿಸಿ, "ಮನೆ, ಕೆಲ್ಸ ಎರಡೂ ಹೇಗೆ ಮ್ಯಾನೇಜ್ ಮಾಡ್ತೀರಾ ಮೇಡಂ?" ಅಂತ ಕೇಳುತ್ತಾರೆ. ಪಕ್ಕದಲ್ಲಿ ಕೂತ ಮೂವರು ಗಂಡಸರು ಫುಟ್‌ಪಾತಿನಲ್ಲಿ ವಾಸ ಇರಬೇಕು. ಅವರನ್ನು ಯಾರೂ ಕೇಳುವುದಿಲ್ಲ.

ಆದರೂ ಈ ಹುಡುಗರನ್ನು ಬೈಯಲು ಮನಸ್ಸಾಗುವುದಿಲ್ಲ. ಪಾಪ, ಹುಡುಕುತ್ತಾರಲ್ಲ, ಅದೇ ದೊಡ್ಡದು. 2023ರಲ್ಲಿ ಡೆವ್‌ಟರ್ನಿಟಿ ಅನ್ನುವ ಸಾಫ್ಟ್‌ವೇರ್ ಸಮ್ಮೇಳನದವರು ಹುಡುಕುವ ತಾಪತ್ರಯವನ್ನೇ ಇಟ್ಟುಕೊಳ್ಳಲಿಲ್ಲ. ಅವರ ಭಾಷಣಕಾರರ ಪಟ್ಟಿಯಲ್ಲಿದ್ದ ಆನ್ನಾ ಬಾಯ್ಕೋ ನೆನಪಿದ್ದಾರೆ ಅಲ್ವಾ? ಕಾಯಿನ್‌ಬೇಸ್ ಅನ್ನುವ ಕ್ರಿಪ್ಟೋ ಕಂಪನಿಯಲ್ಲಿ ಸ್ಟಾಫ್ ಇಂಜಿನಿಯರ್, ಇಥೀರಿಯಂ ಅನ್ನುವ ಕ್ರಿಪ್ಟೋ ಯೋಜನೆಗೆ ಕೋಡ್ ಬರೆಯುವವರಲ್ಲಿ ಮುಂಚೂಣಿಯವರು. ಎಲ್ಲ ಅರ್ಹತೆಯೂ ಇತ್ತು. ಹುಟ್ಟಿರಲಿಲ್ಲ, ಅಷ್ಟೇ. ಗುಟ್ಟು ರಟ್ಟಾದ ಮೇಲೆ ಆಯೋಜಕರು ಕೊಟ್ಟ ಸಮಜಾಯಿಷಿ ಇನ್ನೂ ಚೆಂದ. ಅದು ತಾನಾಗಿ ತಯಾರಾದ ಪ್ರೊಫೈಲಂತೆ, ಬೇರೆ ಭಾಷಣಕಾರರು ಸಿಗುವವರೆಗೆ ಇರಲಿ ಅಂತ ಬಿಟ್ಟಿದ್ದರಂತೆ. ಹುಟ್ಟಿದ್ದ ಭಾಷಣಕಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಸಮ್ಮೇಳನ ರದ್ದಾಯಿತು.

ನನಗಂತೂ ಬೇಜಾರಾಯಿತು. ಎಂಥಾ ಉಪಾಯ ಸ್ವಾಮೀ! ಇಲ್ಲದ ಹೆಂಗಸಿಗೆ ವಿಮಾನದ ಟಿಕೆಟ್ ಬೇಡ, ಮಗು ಮಲಗಿಸಲು ಕೋಣೆ ಬೇಡ, ರಾತ್ರಿ ಒಂಬತ್ತಕ್ಕೆ ಕ್ಯಾಬ್ ಬೇಡ. ಎಕ್ಸ್ಎಲ್ ಟೀ ಶರ್ಟ್ ಕೊಟ್ಟರೂ ಬೇಸರ ಇಲ್ಲ. ಪಾರ್ಟಿಯಲ್ಲಿ ಯಾರಾದರೂ ಮೈಮೇಲೆ ಬಿದ್ದರೆ ದೂರು ಕೊಡುವುದಿಲ್ಲ.

ನಮ್ಮ ಪಂಚಾಯಿತಿಗಳೂ ಇಷ್ಟು ಮುಂದುವರಿದಿಲ್ಲ ನೋಡಿ. ಕರ್ನಾಟಕ 1987ರಲ್ಲೇ ಹೆಂಗಸರಿಗೆ ಕಾಲು ಭಾಗ ಸೀಟು ಕೊಟ್ಟಿತು. ದೇಶಕ್ಕೆಲ್ಲ ಪಂಚಾಯಿತಿ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ. ಈಗ ಅರ್ಧಕ್ಕರ್ಧ. ಬಹಳ ಕಡೆ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಅಧ್ಯಕ್ಷೆಯ ಕುರ್ಚಿ ಪಕ್ಕದಲ್ಲಿ ಇನ್ನೊಂದು ಕುರ್ಚಿ ಬಂತು. ಅದರಲ್ಲಿ ಅಧ್ಯಕ್ಷೆಯ ಗಂಡ ಕೂತರು. ಫೋನ್ ಎತ್ತುವವರು ಅವರೇ, ಕಾಮಗಾರಿ ನೋಡುವವರು ಅವರೇ, "ನಾನೇ ಅಧ್ಯಕ್ಷ" ಅನ್ನುವವರೂ ಅವರೇ. ಮೇಡಂ ಒಳಗೆ ಕಾಫಿ ಮಾಡುತ್ತಿರುತ್ತಾರೆ. ಆದರೆ ಆ ಗಂಡನಿಗೂ ನಾಮಪತ್ರ ಹಾಕಿಸಲು ಒಬ್ಬ ನಿಜವಾದ ಹೆಂಡತಿ ಬೇಕಿತ್ತು. ಕೆಲವು ಕಡೆ ಎರಡನೇ ವರ್ಷಕ್ಕೆ ಆ ಹೆಂಡತಿ ಕಡತ ಓದಲು ಕಲಿತು, "ನೀವು ಸ್ವಲ್ಪ ಆಚೆ ಕೂತ್ಕೊಳ್ರೀ" ಅಂದದ್ದೂ ಉಂಟು. ಜೀವ ಇರುವವರನ್ನು ಕೂರಿಸಿದರೆ ಈ ಅಪಾಯ ಇದ್ದೇ ಇರುತ್ತದೆ. ಆನ್ನಾ ಬಾಯ್ಕೋ ಹಾಗೆಲ್ಲ ಅನ್ನುತ್ತಿರಲಿಲ್ಲ.

ಇರಲಿ. ಇದಕ್ಕಿಂತ ಪ್ರಾಮಾಣಿಕರೂ ಇದ್ದಾರೆ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನವರು 2017ರಲ್ಲಿ ತಮ್ಮ ಎಲೆಕ್ಟ್ರಾನ್ ಸಾಫ್ಟ್‌ವೇರಿನ ಸಮ್ಮೇಳನಕ್ಕೆ ಹೆಸರು ಮುಚ್ಚಿಟ್ಟು ಭಾಷಣಗಳನ್ನು ಆರಿಸಿದರು. ಯಾರಿಗೂ ಅನ್ಯಾಯ ಆಗಬಾರದಲ್ಲ. ಮುಚ್ಚಳ ತೆಗೆದು ನೋಡಿದರೆ ಎಲ್ಲ ಗಂಡಸರೇ! ಸಮ್ಮೇಳನವನ್ನೇ ಮುಂದಕ್ಕೆ ಹಾಕಿದರು. ಅರ್ಜಿ ಹಾಕುವವರೆಗೆ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಅನ್ನುವುದು ಮುಚ್ಚಿದ ಹೆಸರಿನಲ್ಲಿ ಕಾಣಿಸುವುದಿಲ್ಲವಲ್ಲ. ಅದೇ ವರ್ಷ ಅದೇ ಗಿಟ್‌ಹಬ್ ಮಾಡಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಗಂಡಸರು ಶೇ. 95, ಹೆಂಗಸರು ಶೇ. 3.

ಕೋಡ್ ಕಳಿಸುವಾಗ ಮಾತ್ರ ಹೆಸರು ಮುಚ್ಚುವುದರಿಂದ ಭಾರೀ ಲಾಭ ಇದೆ. ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್‌ಗಳ, ಅಂದರೆ ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗಳ, ಬಗ್ಗೆ ಒಂದು ಅಧ್ಯಯನ ಬಂದಿತ್ತು. ಒಟ್ಟಾರೆ ಲೆಕ್ಕದಲ್ಲಿ ಹೆಂಗಸರ ಕೋಡ್ ಗಂಡಸರದ್ದಕ್ಕಿಂತ ಜಾಸ್ತಿ ಒಪ್ಪಿಗೆಯಾಗಿತ್ತು. ಆದರೆ ಆ ಯೋಜನೆಗೆ ಹೊಸಬಳಾಗಿದ್ದು, ಪ್ರೊಫೈಲ್ ನೋಡಿದರೆ ಹೆಣ್ಣು ಅಂತ ಗೊತ್ತಾಗುವಂತಿದ್ದರೆ ಒಪ್ಪಿಗೆ ಶೇ. 62.5. ಗೊತ್ತಾಗದಂತಿದ್ದರೆ ಶೇ. 71.8. ಗಂಡಸರದ್ದೂ ಸ್ವಲ್ಪ ಇಳಿದಿತ್ತು, ಇಷ್ಟಲ್ಲ. "ಕೋಡ್‌ಗೆ ಗಂಡು ಹೆಣ್ಣು ಇಲ್ಲ ಸರ್" ಅಂತಾರಲ್ಲ, ನಿಜ. ಕೋಡ್‌ಗೆ ಇಲ್ಲ. ನಮ್ಮ ಕಡೆಯ ಇನಿಷಿಯಲ್ ಪದ್ಧತಿಗೆ ಈಗಲಾದರೂ ಬೆಲೆ ಬರಬೇಕು. ಬರೀ ಎರಡು ಅಕ್ಷರ ಹಾಕಿಕೊಂಡರೆ ಒಂಬತ್ತು ಪರ್ಸೆಂಟ್ ಉಳಿತಾಯ.

ಬಂದವರನ್ನು ಹೇಗೆ ನೋಡಿಕೊಳ್ಳುತ್ತಾರೆ? ಒಂದು ಮೀಟಪ್‌ನಲ್ಲಿ ನೋಡಿದ್ದು ಹೇಳುತ್ತೇನೆ. ಬಾಗಿಲಲ್ಲೇ ಒಬ್ಬ ಹುಡುಗಿಗೆ "ಎಚ್‌ಆರ್‌ನವ್ರಾ ಮೇಡಂ?" ಅಂತ ಸ್ವಾಗತ ಆಯಿತು. ಒಳಗೆ ಕೂತು, ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಳು. ಕೈ ಎತ್ತಿದಳು. ಸ್ವಯಂಸೇವಕ ಓಡಿ ಬಂದ. "ಕೊಡಿ ಮೇಡಂ, ನಾನ್ ಮಾಡ್ಕೊಡ್ತೀನಿ" ಅಂತ ಲ್ಯಾಪ್‌ಟಾಪನ್ನೇ ತನ್ನ ಕಡೆ ತಿರುಗಿಸಿಕೊಂಡ. ಟಕಟಕ ಅಂತ ಏನೋ ಕುಟ್ಟಿದ. "ಆಯ್ತು ಮೇಡಂ." ಏನು ಮಾಡಿದಿರಿ ಅಂತ ಕೇಳುವಷ್ಟರಲ್ಲಿ ಸಮೋಸಾ ಕಡೆ ಹೋಗಿದ್ದ. ಹೀಗೆ ಕೀಬೋರ್ಡ್ ಕಿತ್ತುಕೊಳ್ಳಬೇಡಿ ಅಂತ ವ್ಯಾಲ್ ಹೆನ್ಸನ್ ಅನ್ನುವ ಲಿನಕ್ಸ್ ಪ್ರೋಗ್ರಾಮರ್ ಬರೆದದ್ದು 2002ರಲ್ಲಿ. ಆ ಸ್ವಯಂಸೇವಕ ಆಗಿನ್ನೂ ಬೇಬಿ ಸಿಟ್ಟಿಂಗ್‌ನಲ್ಲಿದ್ದಿರಬೇಕು.

"ಕರೆದ್ರೂ ಬರಲ್ಲ ಸರ್." ಇದೊಂದು ಪಲ್ಲವಿ. 2006ರಲ್ಲಿ, ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ಓಪನ್ ಸೋರ್ಸ್ ಕೋಡ್ ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ, ಲಿನಕ್ಸ್ ಡೆಸ್ಕ್‌ಟಾಪ್ ತಯಾರಿಸುವ ಗ್ನೋಮ್ ಯೋಜನೆಗೆ 181 ಅರ್ಜಿ ಬಂದವು. ಹೆಣ್ಣುಮಕ್ಕಳದ್ದು ಸೊನ್ನೆ. ನೋಡಿ, ಬರಲ್ಲ! ಆದರೆ ಗ್ನೋಮ್‌ನವರು ಹಾಗಂದು ಸುಮ್ನೆ ಕೂರಲಿಲ್ಲ. ಅದೇ ಬೇಸಿಗೆಗೆ ಹೆಣ್ಣುಮಕ್ಕಳಿಗೆಂದೇ ಬೇರೆ ಕಾರ್ಯಕ್ರಮ ಮಾಡಿ, ದುಡ್ಡು ಕೊಡುತ್ತೇವೆ ಬನ್ನಿ ಅಂದರು. ನೂರರಷ್ಟು ಅರ್ಜಿ ಬಂದವು. ಅದೇ ಬೆಳೆದು ಇವತ್ತಿನ ಔಟ್‌ರೀಚಿ ಆಗಿದೆ. ಮನೆಯಿಂದಲೇ ಕೆಲಸ, ಕೈಗೆ ಸ್ಟೈಪೆಂಡ್.

ದುಡ್ಡಿನ ಮಾತು ಬಂದರೆ ಓಪನ್ ಸೋರ್ಸ್ ಪುರೋಹಿತರಿಗೆ ಮಡಿ ಕೆಡುತ್ತದೆ. ಇದು ಪ್ರೀತಿಯಿಂದ ಮಾಡುವ ಕೆಲಸವಂತೆ. ಬಿಡುವಿನಲ್ಲಿ ಮಾಡುವುದಂತೆ. ಯಾರ ಬಿಡುವು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು 88. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಹಾಕದವರು ಆ ಸರಾಸರಿಗೇ ಬಂದಿಲ್ಲ. ದಿನಕ್ಕೆ ಮೂರು ಗಂಟೆ ಇಪ್ಪತ್ತೊಂದು ನಿಮಿಷದ ವ್ಯತ್ಯಾಸ. ಅಷ್ಟರಲ್ಲಿ ನಾಲ್ಕು ಬಗ್ ಸರಿ ಮಾಡಿ, ಟ್ವಿಟ್ಟರ್‌ನಲ್ಲಿ ಮೆರಿಟ್ ಬಗ್ಗೆ ಒಂದು ಭಾಷಣವನ್ನೂ ಬಿಗಿಯಬಹುದು. ಮೀಟಪ್ಪನ್ನು ಸಂಜೆ ಬದಲು ಬೆಳಗ್ಗೆ ಹತ್ತಕ್ಕೆ ಇಡಿ ಅಂತ ಒಬ್ಬರಿಗೆ ಹೇಳಿ ನೋಡಿದೆ. "ಹುಡುಗ್ರು ಏಳಲ್ಲ ಸರ್" ಅಂದರು.

ಇಷ್ಟು ಹೊತ್ತು ನಗಿಸಲು ನೋಡಿದೆ. ಇನ್ನು ಆಗುವುದಿಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿಕೊಳ್ಳುವ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಕಥೆ ಓದಿರಬಹುದು. ಇವರು ಹೆಣ್ಣುಮಕ್ಕಳಿಗೆ ಪೈಥಾನ್ ಹೇಳಿಕೊಡುವ ಪೈಲೇಡೀಸ್‌ನಂಥ ಗುಂಪುಗಳ ಬೆನ್ನಿಗೆ ನಿಂತವರು. ಪೈಥಾನ್ ಮತ್ತು ಅದರ ಪ್ಯಾಕೇಜುಗಳ, ಅಂದರೆ ಸಿದ್ಧ ಕೋಡ್ ಕಟ್ಟುಗಳ, ಭಂಡಾರವನ್ನು ಭದ್ರ ಮಾಡುವ ಕೆಲಸಕ್ಕೆ ಅಮೆರಿಕ ಸರ್ಕಾರದ 15 ಲಕ್ಷ ಡಾಲರ್ ಅನುದಾನ ಸಿಗುವುದರಲ್ಲಿತ್ತು. ಜೊತೆಗೊಂದು ಷರತ್ತು ಬಂತು. ಎಲ್ಲರನ್ನೂ ಒಳಗೊಳ್ಳುವ ಅವರ ಕಾರ್ಯಕ್ರಮಗಳಿಗೇ ಕತ್ತರಿ ಹಾಕುವಂಥ ಷರತ್ತು. ಈ ಅನುದಾನದ ಕೆಲಸಕ್ಕೆ ಮಾತ್ರ ಅಲ್ಲ, ಇಡೀ ಸಂಸ್ಥೆಗೆ. ಮೀರಿದರೆ ಖರ್ಚಾದ ದುಡ್ಡನ್ನೂ ವಾಪಸ್ ಕಿತ್ತುಕೊಳ್ಳಬಹುದಂತೆ. ವರ್ಷದ ಬಜೆಟ್ಟೇ 50 ಲಕ್ಷ ಡಾಲರ್ ಆಸುಪಾಸು ಇರುವ ಸಂಸ್ಥೆ, ಹದಿನಾಲ್ಕು ಜನ ಸಿಬ್ಬಂದಿ. 2025ರ ಅಕ್ಟೋಬರ್‌ನಲ್ಲಿ ಬೇಡ ಅಂತ ಅರ್ಜಿ ವಾಪಸ್ ಪಡೆದದ್ದನ್ನು ಹೇಳಿಕೊಂಡರು. ಬೋರ್ಡಿನಲ್ಲಿ ಒಬ್ಬರೂ ಅಡ್ಡ ಮಾತಾಡಲಿಲ್ಲ. ಅವರಿಗೆ ಕೈ ಮುಗಿಯಬೇಕು, ಮುಗಿದೆ. ಆದರೆ ಅರ್ಧ ಜಗತ್ತು ದಿನಾ ಇಳಿಸಿಕೊಳ್ಳುವ ಪ್ಯಾಕೇಜುಗಳಲ್ಲಿ ಕಳ್ಳ ಕೋಡ್ ಬೇಕಾದರೆ ನುಗ್ಗಲಿ, ನಾಲ್ಕು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಪೈಥಾನ್ ಹೇಳಿಕೊಡುವುದೇ ದೊಡ್ಡ ಅಪಾಯ ಅನ್ನುವುದು ಯಾವ ಸೀಮೆ ಭದ್ರತೆ ಸ್ವಾಮೀ?