ನಡುವೆ ಒಮ್ಮೆ ಅಳೆದು ನೋಡಿ

ಮೊದಲ ಅಲ್ಟ್ರಾಸೌಂಡ್‌ನಲ್ಲಿ ಅತ್ತಿಗೆಯ ಸ್ತನದ ಕ್ಯಾನ್ಸರ್ ಗಡ್ಡೆ 42 ಮಿಲಿಮೀಟರ್ ಇತ್ತು. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಅಣ್ಣ ಅದನ್ನು ಬರೆದಿಟ್ಟ. ಆಪರೇಷನ್‌ಗೆ ಮೊದಲೇ ಕೀಮೋ ಎಂದಾಗ ಅಮ್ಮ, "ಗಡ್ಡೆಯನ್ನು ಒಳಗೇ ಇಟ್ಟುಕೊಂಡು ಔಷಧಿ ಕೊಡುತ್ತಾರಂತೆ" ಎಂದು ಅತ್ತರು. ಗಡ್ಡೆ ಒಳಗಿರುವುದೇ ಈ ಕ್ರಮದ ದೊಡ್ಡ ಅನುಕೂಲ ಎಂದು ನನಗೆ ಅರ್ಥವಾಗಿದ್ದು ಆಮೇಲೆ. ಔಷಧಿ ನಾಟುತ್ತಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದು. ಆದರೆ ಯಾರಾದರೂ ನೋಡಬೇಕಲ್ಲ!

21 ದಿನಕ್ಕೊಮ್ಮೆ ಕೆಂಪು ಬಣ್ಣದ ಕೀಮೋ ಔಷಧಿ, ಒಟ್ಟು ಆರು ಸಲ ಎಂದಿದ್ದರು. ಪ್ರತಿ ಸಲವೂ ಡಾಕ್ಟರು ಕೈಯಿಂದ ಮುಟ್ಟಿ "ಕರಗುತ್ತಿದೆ" ಎನ್ನುತ್ತಿದ್ದರು. ನಾಲ್ಕನೆಯದು ಮುಗಿದ ಮೇಲೆ ಅಣ್ಣ ಹಟ ಹಿಡಿದು ಸ್ಕ್ಯಾನ್ ಮಾಡಿಸಿದ. 38 ಮಿಲಿಮೀಟರ್! ಉದ್ದಳತೆ ಶೇ 30ರಷ್ಟಾದರೂ ಇಳಿದರೆ ಮಾತ್ರ ಭಾಗಶಃ ಪರಿಣಾಮ ಎನ್ನುವುದು ವೈದ್ಯರೇ ಬಳಸುವ ಅಳತೆಗೋಲು. ಆ ಲೆಕ್ಕದಲ್ಲಿ ಗಡ್ಡೆ 29ರ ಆಸುಪಾಸಿಗೆ ಬರಬೇಕಿತ್ತು. ಸುತ್ತಲಿನ ಬಾವು ಇಳಿದದ್ದನ್ನೇ ಮುಟ್ಟಿದ ಕೈ, ಗಡ್ಡೆ ಕರಗಿತೆಂದು ತಿಳಿದಿತ್ತು. ಕೂದಲು ಉದುರಿ, ಬಾಯಿ ಹುಣ್ಣಾಗಿ, ಅನ್ನ ಸೇರದೆ ಅತ್ತಿಗೆ ಕಳೆದ ಆ ಮೂರು ತಿಂಗಳನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಮುಟ್ಟಿ ನೋಡುವುದು ಬೇಡವೆನ್ನುತ್ತಿಲ್ಲ; ಅದೊಂದೇ ಸಾಲದು. ಸತ್ತ ಗಡ್ಡೆಯ ಜಾಗದಲ್ಲಿ ಉಳಿಯುವ ಕಲೆಯೂ ಕೈಗೆ ಗಟ್ಟಿಯಾಗಿಯೇ ಸಿಗುತ್ತದೆ. ಕ್ಯಾನ್ಸರ್ ಕೋಶಗಳು ಸತ್ತರೂ ಮ್ಯಾಮೊಗ್ರಾಂನಲ್ಲಿ ಸುಣ್ಣದ ಚುಕ್ಕೆಗಳು ಹಾಗೆಯೇ ಉಳಿಯಬಹುದು. ಎಂಆರ್‌ಐನಲ್ಲಿ ಬೋರಲು ಮಲಗಿಸಿ, ಚಿತ್ರದಲ್ಲಿ ಎದ್ದು ಕಾಣುವ ಗ್ಯಾಡೊಲಿನಿಯಂ ಎಂಬ ದ್ರವವನ್ನು ರಕ್ತನಾಳಕ್ಕೆ ಕೊಟ್ಟು, ಗಡ್ಡೆಗೆ ರಕ್ತ ಎಷ್ಟು ಹರಿಯುತ್ತಿದೆ ಎಂಬುದನ್ನೂ ನೋಡುತ್ತಾರೆ. ಔಷಧಿಯ ಪರಿಣಾಮವನ್ನು ಊಹಿಸಲು ಕೈಯ ಅಂದಾಜಿಗಿಂತ ಎಂಆರ್‌ಐನಲ್ಲಿ ಅಳೆದ ಗಡ್ಡೆಯ ಗಾತ್ರವೇ ಮೇಲು ಎಂದು ಅಮೆರಿಕದ ಐ-ಸ್ಪೈ ಅಧ್ಯಯನ 2012ರಲ್ಲಿ ತೋರಿಸಿತು. ಎಂಆರ್‌ಐ ದುಬಾರಿ, ಎಲ್ಲರಿಗೂ ಎಟುಕುವುದಿಲ್ಲ, ನಿಜ. ಅಲ್ಟ್ರಾಸೌಂಡ್ ಆದರೂ ಆಗಲಿ, ಸಾಧ್ಯವಾದರೆ ಪ್ರತಿ ಸಲ ಅದೇ ರೇಡಿಯಾಲಜಿಸ್ಟ್ ಅಳೆಯಲಿ.

ಅತ್ತಿಗೆಗೆ ಕೆಂಪು ಔಷಧಿ ನಿಲ್ಲಿಸಿ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಬೇರೆ ಕೀಮೋ ಔಷಧಿ ಶುರುಮಾಡಿದರು. ಅದಕ್ಕೂ ಮೊದಲು ರೇಡಿಯಾಲಜಿಸ್ಟ್ ಗಡ್ಡೆಯೊಳಗೆ ಎಳ್ಳುಕಾಳಿನಷ್ಟು ಲೋಹದ ಕ್ಲಿಪ್ ಇಟ್ಟರು. "ಇದನ್ನು ಮೊದಲ ಕೀಮೋಗೆ ಮುಂಚೆಯೇ ಇಡಬೇಕಿತ್ತಮ್ಮ. ಗಡ್ಡೆ ಪೂರ್ತಿ ಕರಗಿಬಿಟ್ಟರೆ ಸರ್ಜನ್ ಎಲ್ಲಿ ಅಂತ ಕೊಯ್ಯುತ್ತಾರೆ?" ಎಂದರಂತೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಕೀಮೋ ಶುರುವಾಗುವುದಿದ್ದರೆ, ಕ್ಲಿಪ್ ಇಟ್ಟಿದ್ದೀರಾ, ನಡುವಿನ ಸ್ಕ್ಯಾನ್ ಯಾವಾಗ ಎಂದು ದಯವಿಟ್ಟು ಮೊದಲ ದಿನವೇ ಕೇಳಿ. ಕೇಳಿದರೆ ಡಾಕ್ಟರು ಬೇಸರಪಟ್ಟುಕೊಳ್ಳುತ್ತಾರೆ ಎಂದು ಹಿಂಜರಿದು ನಾವು ಸುಮ್ಮನಿದ್ದೆವು.

ಹನ್ನೆರಡು ವಾರ ಕಳೆದ ಮೇಲೆ ಎಂಆರ್‌ಐನಲ್ಲಿ ಕ್ಲಿಪ್ ಬಿಟ್ಟು ಏನೂ ಕಾಣಲಿಲ್ಲ. "ಇನ್ನು ಆಪರೇಷನ್ ಯಾಕೆ?" ಎಂದರು ಅತ್ತಿಗೆ. ಚಿತ್ರದಲ್ಲಿ ಕಾಣದ್ದೂ ಒಳಗೆ ಇರಬಹುದು ಎಂದು ಸರ್ಜನ್ ಸಮಾಧಾನವಾಗಿ ಹೇಳಿ ಒಪ್ಪಿಸಿದರು. ಕ್ಲಿಪ್ ಇದ್ದ ಜಾಗವನ್ನೇ ತೆಗೆದು ಪರೀಕ್ಷೆಗೆ ಕಳುಹಿಸಿದರು. ಹಾಲಿನ ಪುಸ್ತಕದಲ್ಲಿ 42, 38, "ಕಾಣುವುದಿಲ್ಲ" ಎಂಬುದರ ಕೆಳಗೆ ಅಣ್ಣ ಪೆಥಾಲಜಿ ವರದಿಯ ಅಳತೆಯನ್ನೂ ಬರೆದಿದ್ದಾನೆ: 6 ಮಿಲಿಮೀಟರ್.